ದೋಣಿಯ ಸೀಟು, ಮೈದಾನದ ಜಾಗ

ತಾರನೆಸ್‌ನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುತ್ತಿದ್ದುದು ಮೈದಾನದಲ್ಲಲ್ಲ, ದೋಣಿಮನೆಯಲ್ಲಿ. ಫ್ಯಾರೋ ದ್ವೀಪಗಳಲ್ಲಿ ಊರಿಗೊಂದು ಹುಚ್ಚು. ತಾರನೆಸ್‌ನವರ ಹುಚ್ಚು ಇದು. ಬೇಸಿಗೆಯಲ್ಲಿ ಊರಿನ ಆರು ಹುಟ್ಟಿನ ದೋಣಿಯನ್ನು ಪಂದ್ಯಕ್ಕೆ ಎಳೆಯುವವರು, ಅವರ ಬದಲಿಗಳು, ಇವರೇ ಶನಿವಾರ ಬೂಟು ಕಟ್ಟಿಕೊಂಡು ಚೆಂಡು ಒದೆಯುವವರು. ಹಾಗಾಗಿ ದೋಣಿಯಲ್ಲಿ ಎಡಗಡೆ ಹುಟ್ಟು ಹಾಕುವವಳು ಮೈದಾನದಲ್ಲೂ ಎಡಗಡೆ, ಬಲಗಡೆಯವಳು ಬಲಗಡೆ. ಚುಕ್ಕಾಣಿಯ ಎದುರಿಗೇ ಕೂತು, ಮೊದಲ ಹುಟ್ಟು ಹಾಕಿ, ಬೆನ್ನ ಹಿಂದಿನ ಐವರಿಗೂ ಲಯ ಕೊಡುವವಳು ಯಾರೋ ಅವಳು ನಡುಮೈದಾನದ ರಾಣಿ. ದೋಣಿಗೆ ಲಯ ಕೊಡುವವಳು ಆಟಕ್ಕೆ ಕೊಡದೆ ಇರುತ್ತಾಳೆಯೇ? ಇದು ಯಾರೂ ಕೇಳದ ಪ್ರಶ್ನೆಯಾದ್ದರಿಂದ ಇದಕ್ಕೆ ಯಾರೂ ಉತ್ತರ ಹುಡುಕಿರಲಿಲ್ಲ.

ಸುನ್ವಾ ನಡುಮೈದಾನಕ್ಕೆ ಬಂದದ್ದು ಹೀಗೆ. ಅವಳ ಅಮ್ಮನೂ ಅದೇ ಸೀಟಿನಲ್ಲಿ ಕೂತವಳು, ಅದೇ ಜಾಗದಲ್ಲಿ ಆಡಿದವಳು. ಅಜ್ಜಿಯ ಕಾಲಕ್ಕೆ ಹೆಂಗಸರಿಗೆ ಫುಟ್‌ಬಾಲ್ ಇರಲಿಲ್ಲ. ಇದ್ದಿದ್ದರೆ ತಾನೂ ಅಲ್ಲೇ ನಿಂತಿರುತ್ತಿದ್ದೆ ಅನ್ನುವುದರಲ್ಲಿ ಅಜ್ಜಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪ್ರತಿ ಶನಿವಾರ ಅವಳು ತನ್ನ ಹಳೇ ಕಾರನ್ನು ಎಲ್ಲರಿಗಿಂತ ಮುಂಚೆ ತಂದು ಮೈದಾನದ ಗೆರೆಗೆ ಮೂತಿ ಮಾಡಿ ನಿಲ್ಲಿಸಿ, ಮಡಿಲಲ್ಲಿ ಹೆಣಿಗೆ ಇಟ್ಟುಕೊಂಡು, ಮೊಮ್ಮಗಳು ನಟ್ಟನಡುವೆ ನಿಂತಿರುವುದನ್ನು ನೋಡುತ್ತಿದ್ದಳು.

ನಟ್ಟನಡುವೆ ನಿಂತವಳ ಮನಸ್ಸಿನೊಳಗೆ ಏನಾಗುತ್ತಿತ್ತು ಅನ್ನುವುದು ಕಾರಿನ ಗಾಜಿನಾಚೆಗೆ ಕಾಣುವಂಥದ್ದಲ್ಲ. ಸುನ್ವಾಗೆ ನಡುಮೈದಾನ ಅಂದರೆ ಮದುವೆಮನೆಯ ಮಧ್ಯೆ ತನ್ನನ್ನು ಒಬ್ಬಳನ್ನೇ ನಿಲ್ಲಿಸಿ ದೀಪ ಹಾಕಿದ ಹಾಗೆ. ನಾಲ್ಕೂ ಕಡೆಯಿಂದ ಹೆಸರು ಹಿಡಿದು ಕರೆಯುತ್ತಾರೆ. ಚೆಂಡು ಮುಂದಿನಿಂದ ಬಂದರೆ ಎದುರಾಳಿಯ ಕಾಲು ಹಿಂದಿನಿಂದ ಬರುತ್ತದೆ. ಯಾರ ಕಡೆ ತಿರುಗಿದರೂ ಇನ್ನೊಬ್ಬರಿಗೆ ಬೆನ್ನು ಹಾಕಿದಂತೆ. ಉಣ್ಣೆ ಅಂಗಡಿಯಲ್ಲಿ ನೂಲಿನ ಉಂಡೆಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುತ್ತ ದಿನವಿಡೀ ನಾಲ್ಕು ಮಾತೂ ಆಡದೆ ಸುಖವಾಗಿರುವ ಹುಡುಗಿ ಅವಳು. ಓಡು ಅಂದರೆ ಓಡುತ್ತಾಳೆ, ಉಸಿರು ಕಟ್ಟುವವರೆಗೂ ಓಡುತ್ತಾಳೆ. ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೋ ಅಂದರೆ ಹೂವು ಬಿಡಿಸಿದ ಹಾಗೆ ಕಿತ್ತುಕೊಳ್ಳುತ್ತಾಳೆ. ಕಿತ್ತುಕೊಂಡ ಮೇಲೆ ಅದನ್ನು ಯಾರಿಗೆ ಕೊಡಲಿ ಅನ್ನುವಲ್ಲಿಗೆ ಅವಳ ಲೋಕ ಕತ್ತಲಾಗುತ್ತಿತ್ತು.

ಸಾಕು ಅಂತ ಅವಳು ನಿರ್ಧರಿಸಿದ್ದಳು. ಕ್ಲೆತ್ತವೀಕ್‌ನವರ ಜೊತೆಗಿನ ಈ ಪಂದ್ಯ ಮುಗಿದ ಕೂಡಲೇ ಕೋಚ್ ಡೆಮ್ಮುಸ್‌ನ ಹತ್ತಿರ ಹೋಗಿ, 'ಮಾವ, ನಾನಿನ್ನು ಆಟ ಬಿಡ್ತೀನಿ' ಅಂದುಬಿಡುವುದು. ತಂಡದವರೆಲ್ಲ ಡೆಮ್ಮುಸ್‌ನನ್ನು ಮಾವ ಅಂತಲೇ ಕರೆಯುತ್ತಿದ್ದರು, ಅವಳಿಗೆ ಅವನು ಸ್ವಂತ ಸೋದರಮಾವ. ಅದರಿಂದ ಹೇಳುವುದು ಸುಲಭವೇನೂ ಆಗುತ್ತಿರಲಿಲ್ಲ. ಅದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿತ್ತು. ಈ ವರ್ಷ ಒಬ್ಬಳು ಡೆನ್ಮಾರ್ಕಿಗೆ ಓದಲು ಹೋಗಿ, ಇಬ್ಬರು ಬಸುರಿಯರಾಗಿ, ತಂಡದಲ್ಲಿ ಉಳಿದವರು ಸರಿಯಾಗಿ ಹನ್ನೊಂದೇ ಜನ. ಅವಳು ಬಿಟ್ಟರೆ ತಂಡವೇ ಇಲ್ಲ. ಅಷ್ಟು ಜನರ ಶನಿವಾರವನ್ನು ತಾನೊಬ್ಬಳು ಮುರಿದು ಹಾಕುವುದು ಹೇಗೆ ಅಂತ ಯೋಚಿಸಿ ಯೋಚಿಸಿ ಅವಳು ಆ ವಾರ ನೀಲಿ ನೂಲನ್ನು ಹಸಿರಿನ ಗೂಡಿನಲ್ಲಿ ಇಟ್ಟಿದ್ದಳು.

ಪಂದ್ಯದ ದಿನ ಗಾಳಿ ಗುಡ್ಡದ ಕಡೆಯಿಂದ ಕಡಲಿನ ಕಡೆಗಿತ್ತು. ಮೊದಲರ್ಧ ತಾರನೆಸ್‌ಗೆ ಗಾಳಿ ಬೆನ್ನಿಗೆ. ಗಾಳಿ ಬೆನ್ನಿಗಿದ್ದರೆ ಆಟ ಸುಲಭ ಅನ್ನುವವರು ಹೊರಗಿನವರು. ಇಲ್ಲಿ ಹುಟ್ಟಿದವರಿಗೆ ಗೊತ್ತು: ಆ ಗಾಳಿಯಲ್ಲಿ ಒಂದು ಪಾಸ್ ಕೊಂಚ ಜೋರಾದರೆ ಚೆಂಡು ಆಟಗಾರ್ತಿಯನ್ನೂ ಗೋಲನ್ನೂ ದಾಟಿ ಕಡಲಿಗೆ ಹೋಗುತ್ತದೆ, ಆಮೇಲೆ ಸಣ್ಣ ದೋಣಿಯಲ್ಲಿ ಕಾದು ಕೂತ ಮುದುಕ ಬೈದುಕೊಳ್ಳುತ್ತ ಅದನ್ನು ಬಲೆಯಲ್ಲಿ ಎತ್ತಿಕೊಡಬೇಕು. ಅವತ್ತು ಮುದುಕನಿಗೆ ಬಿಡುವೇ ಸಿಗಲಿಲ್ಲ.

ಸುನ್ವಾಳ ಬೆನ್ನಿಗೆ ಕ್ಲೆತ್ತವೀಕ್‌ನ ಕೆಂಪು ಜಡೆಯ ಹುಡುಗಿಯೊಬ್ಬಳು ಅಂಟಿಕೊಂಡಿದ್ದಳು. ಚೆಂಡು ಸುನ್ವಾಳ ಕಾಲಿಗೆ ಬರುವುದಕ್ಕೂ ಆ ಜಡೆ ಅವಳ ಭುಜಕ್ಕೆ ತಾಗುವುದಕ್ಕೂ ಸರಿಹೋಗುತ್ತಿತ್ತು.

"ತಿರುಗು! ತಿರುಗು ಅಂದ್ರೆ!" ಗೆರೆಯಾಚೆಯಿಂದ ಡೆಮ್ಮುಸ್ ಕೂಗಿದ. "ಲಯ ಕೊಡು ಹುಡುಗಿ, ಲಯ!"

ಸುನ್ವಾ ತಿರುಗಿದಳು. ಜಡೆಯೂ ತಿರುಗಿತು. ಚೆಂಡು ಜಡೆಯ ಜೊತೆ ಹೋಯಿತು, ಅಲ್ಲಿಂದ ನೇರ ಗೋಲಿಗೆ. ಕ್ಲೆತ್ತವೀಕ್‌ನಿಂದ ಬಂದಿದ್ದ ನಾಲ್ಕಾರು ಕಾರುಗಳು ಒಟ್ಟಿಗೆ ಹಾರ್ನ್ ಹೊಡೆದವು.

"ಪರವಾಗಿಲ್ಲ ಕಣೇ!" ಅಂತ ಗೋಲುಕೀಪರ್ ಓದ್ವೋರ್ ಬಲೆಯಿಂದ ಚೆಂಡು ತೆಗೆಯುತ್ತ ಕೂಗಿದಳು. ಮೀನಿನ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ಅವಳದು. ಅವಳು ಸಮಾಧಾನ ಹೇಳಿದರೂ ಬೈದ ಹಾಗೆ ಕೇಳುತ್ತಿತ್ತು.

ಆದರೆ ಆ ಅರ್ಧದಲ್ಲಿ ಒಂದು ವಿಚಿತ್ರ ನಡೆಯಿತು. ಬಲಗಡೆಯ ಕೊನೇ ಮೂಲೆಯಲ್ಲಿ, ಯಾರೂ ಚೆಂಡು ಕಳಿಸದ ಜಾಗದಲ್ಲಿ, ಬಾರ್ಬಾ ನಿಂತಿದ್ದಳು. ಬಾರ್ಬಾ ದೋಣಿಯ ಚುಕ್ಕಾಣಿಯವಳು. ಹುಟ್ಟೇ ಹಿಡಿಯದವಳಿಗೆ ಎಡ ಯಾವುದು, ಬಲ ಯಾವುದು? ಹಾಗಾಗಿ ಚುಕ್ಕಾಣಿಯವರನ್ನು ಯಾರಿಗೂ ಅಡ್ಡವಾಗದ ಮೂಲೆಯಲ್ಲಿ ನಿಲ್ಲಿಸುವುದು ಪದ್ಧತಿ. ಗಿಡ್ಡ ಹುಡುಗಿ, ವಾಚಾಳಿ. ಊರಿನ ಅಂಗಡಿಯ ಗಲ್ಲಾದಲ್ಲಿ ಕೂತು ಯಾರು ಬಾಗಿಲು ತೆರೆದರೂ ಅವರು ಹಾಲಿಗೆ ಬಂದರೋ ಹರಟೆಗೆ ಬಂದರೋ ಅಂತ ಹೆಜ್ಜೆ ನೋಡಿಯೇ ಹೇಳುವವಳು. ಅವಳು ಅಲ್ಲಿಂದಲೇ ಬಾಯಿಗೆ ಕೈ ಅಡ್ಡ ಹಿಡಿದು ಕಿರುಚುತ್ತಿದ್ದಳು.

"ಸುನ್ವಾ, ಹಿಂದೆ ಜಡೆ! ಎಡಕ್ಕೆ ಬಿಡು, ಎಡಕ್ಕೆ!"

ಆ ಮಾತು ಕಿವಿಗೆ ಬಿದ್ದಾಗ ಸುನ್ವಾ ಯೋಚಿಸದೆ ಎಡಕ್ಕೆ ಬಿಟ್ಟಳು. ಅಲ್ಲಿ ತಂಡದವಳೊಬ್ಬಳು ನಿಜವಾಗಿಯೂ ಒಂಟಿಯಾಗಿ ನಿಂತಿದ್ದಳು. ಮತ್ತೊಮ್ಮೆ "ಬೇಡ, ಹಿಡಿದುಕೋ, ಯಾರೂ ಇಲ್ಲ!" ಅಂದಾಗ ಸುನ್ವಾ ಹಿಡಿದುಕೊಂಡಳು, ನಿಜವಾಗಿಯೂ ಯಾರೂ ಇರಲಿಲ್ಲ. ಆದರೆ ಮೂಲೆ ದೂರ, ಗಾಳಿ ಜೋರು. ಹತ್ತು ಮಾತಿನಲ್ಲಿ ಒಂದು ತಲುಪುತ್ತಿತ್ತು. ತಲುಪದ ಒಂದು ಮಾತಿನ ಹೊತ್ತಿಗೆ ಎರಡನೇ ಗೋಲು ಬಿತ್ತು. ಆಗಲೂ ಚೆಂಡು ಹೋದದ್ದು ಸುನ್ವಾಳ ಕಾಲಿನಿಂದಲೇ.

ವಿರಾಮದ ಸೀಟಿ ಊದಿದಾಗ ಅವಳಿಗೆ ಅಳು ಬಂದಿರಲಿಲ್ಲ. ಅದಕ್ಕಿಂತ ವಿಚಿತ್ರವಾದದ್ದೊಂದು ಬಂದಿತ್ತು. ಮಾತು.

ತಂಡದವರು ಬಟ್ಟೆ ಬದಲಿಸುವುದು, ವಿರಾಮದಲ್ಲಿ ಕೂರುವುದು ಎಲ್ಲ ದೋಣಿಮನೆಯಲ್ಲೇ. ಡಾಂಬರು ಮತ್ತು ಉಪ್ಪಿನ ವಾಸನೆಯ ಆ ಉದ್ದನೆ ಕೋಣೆಯ ಮಧ್ಯೆ ಹಲಗೆಗಳ ಮೇಲೆ ದೋಣಿ ನಿಂತಿತ್ತು, ಪಕ್ಕದಲ್ಲಿ ಚಹಾದ ಫ್ಲಾಸ್ಕು, ಹುಳಿ ರುಬಾರ್ಬ್ ದಂಟಿನ ಜಾಮ್ ಹಚ್ಚಿದ ಕೇಕಿನ ತಟ್ಟೆ. ಯಾರೂ ಕೇಕು ಮುಟ್ಟಲಿಲ್ಲ. ಓದ್ವೋರ್ ಒಬ್ಬಳು ಎರಡು ತುಂಡು ತಿಂದಳು. ಗೋಲು ಬಿಟ್ಟರೆ ಅವಳಿಗೆ ಹಸಿವು ಜಾಸ್ತಿ.

ಡೆಮ್ಮುಸ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹೊಟ್ಟೆ ಬಂದ, ಕಾಲು ಗಿಡ್ಡವಾದ, ಒಳ್ಳೆಯ ಮನುಷ್ಯ. ಬೈಯಲು ಬಾರದವನು ಬೈಯಲೇಬೇಕಾದಾಗ ಹೇಗೆ ಮಾತಾಡುತ್ತಾನೋ ಹಾಗೆ ಗೋಡೆ ನೋಡಿಕೊಂಡು ಮಾತಾಡಿದ.

"ದೋಣಿಯಲ್ಲಿ ನೀವು ಹಕ್ಕಿ ಹಾರಿದ ಹಾಗೆ ಹೋಗ್ತೀರಿ. ಇಲ್ಲಿ ಏನಾಗತ್ತೆ ನಿಮಗೆ? ಅದೇ ಜನ, ಅದೇ ಜಾಗ. ಸುನ್ವಾ, ನೀನು ಲಯ ಕೊಡಬೇಕು ಕಣಮ್ಮ. ನಿಮ್ಮಮ್ಮ ಇಲ್ಲೇ..."

"ಮಾವ, ಅದೇ ಜಾಗ ಅಲ್ಲ."

ಎಲ್ಲರೂ ತಿರುಗಿ ನೋಡಿದರು. ವಿರಾಮದಲ್ಲಿ ಸುನ್ವಾ ಮಾತಾಡಿದ್ದು ಯಾರಿಗೂ ನೆನಪಿರಲಿಲ್ಲ. ಅವಳ ಕಿವಿ ಎರಡೂ ಕೆಂಪಗಾದವು. ಹೇಳಲು ಬಾರದ್ದನ್ನು ಮಾಡಿ ತೋರಿಸುವುದು ವಾಸಿ ಅನ್ನಿಸಿತೇನೋ, ಎದ್ದವಳೇ ದೋಣಿಯ ಅಂಚಿಗೆ ಕೈ ಹಾಕಿ ಒಳಗೆ ಹತ್ತಿದಳು.

"ಅಯ್ಯೋ! ಬೂಟು! ಬೂಟು ಹಾಕ್ಕೊಂಡು ದೋಣಿಗೆ!" ಡೆಮ್ಮುಸ್ ಎದೆ ಹಿಡಿದುಕೊಂಡ. ತಾರನೆಸ್‌ನಲ್ಲಿ ಚರ್ಚಿಗಾದರೂ ಬೂಟಿನ ಕಾಲಲ್ಲಿ ಹೋಗಬಹುದು.

ಸುನ್ವಾ ತನ್ನ ಸೀಟಿನಲ್ಲಿ ಕೂತಳು. "ಬಾರ್ಬಾ, ನೀನೂ ಬಾ."

"ನಾನಾ? ಮಾವನ ಕೈಲಿ ಸಾಯೋದಕ್ಕಾ?" ಅನ್ನುತ್ತಲೇ ಬಾರ್ಬಾ ಬೂಟು ಕಳಚಿಟ್ಟು ಹತ್ತಿ ಚುಕ್ಕಾಣಿಯ ಹಲಗೆಯ ಮೇಲೆ ಕೂತಳು. ಬೇಸಿಗೆಯಿಡೀ ಕೂತ ಹಾಗೆ ಇಬ್ಬರೂ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು.

"ಮಾವ, ಇಲ್ಲಿ ಕೂತ್ರೆ ನಂಗೆ ಕಾಣೋದು ಒಂದೇ ಮುಖ. ಇವಳದ್ದು." ಸುನ್ವಾಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ದೋಣಿ ಎಲ್ಲಿಗೆ ಹೋಗ್ತಿದೆ ನಂಗೊತ್ತಿಲ್ಲ. ನನ್ನ ಹಿಂದೆ ಯಾರು ಏನು ಮಾಡ್ತಿದಾರೆ ಅಂತ್ಲೂ ಗೊತ್ತಿಲ್ಲ. ಇವಳು ಹೇಳ್ತಾಳೆ, ನಾನು ಎಳೀತೀನಿ. ಎಲ್ಲರ ಮುಖ ಕಾಣೋದು ಇವಳಿಗೆ. ಎದುರಿನ ದೋಣಿ ಎಲ್ಲಿದೆ, ಯಾರು ಸುಸ್ತಾದ್ರು, ಯಾವಾಗ ತಿರುಗಿಸಬೇಕು, ಎಲ್ಲಾ ಇವಳಿಗೇ. ಮೈದಾನದ ಮಧ್ಯೆ ಇರಬೇಕಾದವಳು ಇವಳು. ನಾನಲ್ಲ."



"ಏನೇ ಇದು, ನನ್ನ ಕಾಲು ನೋಡಿದೀಯಾ?" ಬಾರ್ಬಾ ತನ್ನ ಸಾಕ್ಸಿನ ಕಾಲು ಎತ್ತಿ ತೋರಿಸಿದಳು. "ಕೋಳಿಕಾಲು ಮಾರಾಯ್ತಿ! ಆ ಜಡೆ ಒಂದು ಸಲ ಗುದ್ದಿದ್ರೆ ನಾನು ಸೀದಾ ಆ ಮುದುಕನ ಬಲೆಗೆ!"

"ನಿನ್ನ ಬಾಯಿಗೆ ಯಾರು ಗುದ್ದೋಕಾಗತ್ತೆ?" ಅಂದಳು ಓದ್ವೋರ್, ಬಾಯಲ್ಲಿ ಕೇಕು ಇಟ್ಟುಕೊಂಡೇ. "ಸುನ್ವಾ ಹೇಳ್ತಿರೋದು ಸರಿ. ಗೋಲಲ್ಲಿ ನಿಂತವಳಿಗೆ ಎಲ್ಲಾ ಕಾಣತ್ತೆ. ಆ ಮೂಲೆಯಿಂದ ಇವಳು ಕಿರುಚಿದ್ದೊಂದೂ ಸುಳ್ಳಾಗಿಲ್ಲ."

"ಹಾಗಾದ್ರೆ ನೀನು?" ಡೆಮ್ಮುಸ್ ಸೊಸೆಯನ್ನು ನೋಡಿದ. "ನೀನೆಲ್ಲಿಗೆ ಹೋಗ್ತೀಯಾ? ನಡುವಿನ ಜಾಗ ಬಿಟ್ಟು ಯಾರಾದ್ರೂ ಹೋಗ್ತಾರಾ?"

"ಹಿಂದೆ, ಎಡಗಡೆ. ಗೆರೆ ಪಕ್ಕ." ಇದನ್ನು ಹೇಳುವಾಗ ಸುನ್ವಾಳ ದನಿ ನಡುಗಲಿಲ್ಲ. "ಅಲ್ಲಿ ಒಂದು ಪಕ್ಕ ಯಾರೂ ಇರಲ್ಲ ಮಾವ. ಬೆನ್ನ ಹಿಂದೆ ಯಾರೂ ಬರಲ್ಲ. ಬರೋರೆಲ್ಲ ಎದುರಿಗೇ ಬರ್ತಾರೆ. ಬರಲಿ, ನಾನು ನೋಡ್ಕೋತೀನಿ. ಅಲ್ಲಿ ಆಡಿಸಿ. ಇಲ್ಲಾಂದ್ರೆ..." ಅವಳು ಒಮ್ಮೆ ಉಸಿರು ತೆಗೆದುಕೊಂಡಳು. "ಇಲ್ಲಾಂದ್ರೆ ಇವತ್ತು ಮುಗಿದ ಮೇಲೆ ನಾನು ಆಟ ಬಿಡ್ತೀನಿ."

ಹೇಳಿಬಿಟ್ಟಿದ್ದಳು. ಹನ್ನೊಂದು ಜನರ ಲೆಕ್ಕ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ತಮಾಷೆ ಮಾಡಲಿಲ್ಲ. ಎಡಗಡೆ ಹಿಂದೆ ಆಡುತ್ತಿದ್ದ ಆಸಾ ಮಾತ್ರ ಮೆಲ್ಲಗೆ ಕೈ ಎತ್ತಿದಳು. ಗಾಳಿಯಂತೆ ಓಡುವ ಆಸಾಳನ್ನು ಎಡ ಹುಟ್ಟಿನವಳು ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ಕಟ್ಟಿಹಾಕಿದ್ದರು.

"ಬಾರ್ಬಾ ಒಳಗೆ ಬಂದ್ರೆ ಬಲಗಡೆ ಮೂಲೆ ಖಾಲಿ ತಾನೇ? ನಂಗೆ ಕೊಡಿ. ಕಾಯೋದು ನಂಗಾಗಲ್ಲ. ಓಡೋದಾಗತ್ತೆ."

ಡೆಮ್ಮುಸ್ ದೋಣಿಯ ಅಂಚು ಹಿಡಿದುಕೊಂಡು ಬಾರ್ಬಾಳನ್ನೇ ನೋಡಿದ. ಅವಳನ್ನಲ್ಲ, ಅವಳು ಕೂತ ಹಲಗೆಯನ್ನು. ಆಮೇಲೆ ಪೆಟ್ಟಿಗೆಯೊಂದರ ಮೇಲೆ ಧೊಪ್ಪನೆ ಕೂತ.

"ಆ ಹಲಗೆ ಮೇಲೆ ನಾನು ಎಷ್ಟೋ ಬೇಸಿಗೆ ಕೂತಿದೀನಿ," ಅಂದ. "ಗಂಡಸರ ದೋಣಿಗೆ ಚುಕ್ಕಾಣಿ ನಾನೇ. ಫುಟ್‌ಬಾಲಲ್ಲಿ ನನ್ನ ಎಲ್ಲಿ ನಿಲ್ಲಿಸ್ತಿದ್ರು ಗೊತ್ತಾ? ಆ ಮೂಲೇಲಿ. ಬಾರ್ಬಾ ನಿಂತಿರೋ ಅದೇ ಮೂಲೇಲಿ. ಎಲ್ಲಾ ಕಾಣ್ತಿತ್ತು ನಂಗೆ. ಯಾರು ಯಾರಿಗೆ ಕೊಡಬೇಕು, ಎಲ್ಲಿ ತೂತು ಬಿದ್ದಿದೆ, ಎಲ್ಲಾ! ಚೆಂಡು ಮಾತ್ರ ಬರ್ತಿರಲಿಲ್ಲ. ಚಳಿಗೆ ಒಂದೇ ಕಡೆ ಕುಣೀತಾ ನಿಂತಿರ್ತಿದ್ದೆ." ಅವನ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾನೋ ಅಂತ ಹುಡುಗಿಯರು ಗಾಬರಿಯಾದರು, ನಗುತ್ತಿದ್ದ. "ಕೋಚ್ ಆದ ಮೇಲೆ ನಾನೇ ಇನ್ನೊಬ್ಬಳನ್ನ ತಂದು ಅದೇ ಮೂಲೇಲಿ ನಿಲ್ಲಿಸಿದೀನಲ್ಲೇ! ಕತ್ತೆ ನಾನು!"

"ಅದು ಊರಿಗೇ ಗೊತ್ತು ಮಾವ, ನೀವು ಮುಂದಿನದು ಹೇಳಿ," ಅಂದಳು ಬಾರ್ಬಾ.

"ಮುಂದಿನದೇನು? ಮೊದಲು ದೋಣಿಯಿಂದ ಇಳೀರಿ ಇಬ್ಬರೂ. ಇಳಿದು ಹೋಗಿ ಅವಳು ಹೇಳಿದ ಹಾಗೇ ನಿಲ್ಲಿ."

ಎರಡನೇ ಅರ್ಧದಲ್ಲಿ ಗಾಳಿ ಎದುರಿಗೆ. ಎತ್ತಿ ಒದ್ದ ಚೆಂಡು ಒದ್ದವಳ ಮುಖಕ್ಕೇ ವಾಪಸು ಬರುವಂಥ ಗಾಳಿ. ಹಾಗಾಗಿ ಎತ್ತುವ ಮಾತೇ ಇಲ್ಲ. ಚೆಂಡು ನೆಲಕ್ಕೆ ಅಂಟಿಕೊಂಡೇ ಹೋಗಬೇಕು, ಹತ್ತಿರದವಳಿಗೆ, ಅಲ್ಲಿಂದ ಅವಳ ಹತ್ತಿರದವಳಿಗೆ. ಬಾರ್ಬಾಗೆ ಇದು ಅಂಗಡಿಯಲ್ಲಿ ಚಿಲ್ಲರೆ ಕೊಟ್ಟಷ್ಟು ಸುಲಭವಾಯಿತು. ಈ ಕೈಯಲ್ಲಿ ತೆಗೆದುಕೊಂಡಳು, ಆ ಕೈಯಲ್ಲಿ ಕೊಟ್ಟಳು. ಕಾಲು ಕೋಳಿಯದೇ ಇರಬಹುದು. ಚೆಂಡು ಬರುವ ಮುಂಚೆಯೇ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿದ್ದವಳ ಕಾಲಿಗೆ ಬಲ ಯಾಕೆ ಬೇಕು? ಕೆಂಪು ಜಡೆ ಗುದ್ದಲು ಬಂದಾಗೆಲ್ಲ ಅಲ್ಲಿ ಚೆಂಡೂ ಇರುತ್ತಿರಲಿಲ್ಲ, ಬಾರ್ಬಾಳೂ ಇರುತ್ತಿರಲಿಲ್ಲ. ಬಾಯಿ ಮಾತ್ರ ಎಲ್ಲ ಕಡೆ ಇತ್ತು.

"ಆಸಾ, ಓಡು, ಓಡು, ಕೊಡ್ತೀನಿ! ಓದ್ವೋರ್, ಮುಂದೆ ಬಾರೇ, ಏನು ನಿದ್ದೆನಾ? ಏ ಜಡೆ, ನಿನ್ನ ಲೇಸು ಬಿಚ್ಚಿದೆ ನೋಡು!"

ಜಡೆಯವಳು ನೋಡಿಯೂಬಿಟ್ಟಳು. ಲೇಸು ಸರಿಯಾಗೇ ಇತ್ತು. ಅಷ್ಟರಲ್ಲಿ ಚೆಂಡು ಬಲಗಡೆಗೆ ಹೋಗಿತ್ತು. ಬೇಲಿ ಹಾರಿದ ಕುರಿಮರಿಯ ಹಾಗೆ ಆಸಾ ಅದರ ಹಿಂದೆ. ಮೊದಲ ಗೋಲು. ತಾರನೆಸ್‌ನ ಕಾರುಗಳ ಹಾರ್ನಿಗೆ ಗುಡ್ಡದ ಮೇಲಿನ ನಿಜವಾದ ಕುರಿಗಳು ತಲೆ ಎತ್ತಿದವು.

ಇತ್ತ ಎಡಗಡೆ ಗೆರೆಯ ಪಕ್ಕದಲ್ಲಿ ಸುನ್ವಾಗೆ ಬೇರೆಯೇ ಒಂದು ಲೋಕ ಸಿಕ್ಕಿತ್ತು. ಬಿಳಿ ಗೆರೆ ಅವಳ ಭುಜಕ್ಕೆ ಭುಜ ಕೊಟ್ಟು ನಡೆಯುವ ಗೆಳತಿಯಂತೆ ಜೊತೆಗಿತ್ತು. ನೋಡಬೇಕಾದದ್ದು ಅರ್ಧ ಜಗತ್ತು ಮಾತ್ರ, ಅದೂ ಕಣ್ಣೆದುರಿಗೆ. ಕ್ಲೆತ್ತವೀಕ್‌ನ ಚುರುಕಾದ ಹುಡುಗಿಯೊಬ್ಬಳು ಅವಳ ಮೇಲೆ ಬಂದಳು. ಸುನ್ವಾ ಕಾದಳು, ಇನ್ನೂ ಕಾದಳು, ಆಮೇಲೆ ಕಾಲು ಚಾಚಿ ಚೆಂಡನ್ನು ಗೆರೆಯಾಚೆಗೆ ಸರಿಸಿದಳು. ಮತ್ತೆ ಬಂದಳು, ಈ ಸಲ ಚೆಂಡೇ ಸುನ್ವಾಳ ಕಾಲಲ್ಲಿ ಉಳಿಯಿತು. ಮೂರನೇ ಸಲ ಆ ಹುಡುಗಿ ಬೇರೆ ದಾರಿ ಹುಡುಕಿಕೊಂಡು ಹೋದಳು. ಬೇಸಿಗೆಯಿಡೀ ಹುಟ್ಟು ಎಳೆದ ತೊಡೆಗಳು ಈಗ ಓಡು ಓಡು ಅನ್ನುತ್ತಿದ್ದವು. ಅವಳು ಓಡಿದಳು. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಯಾರೂ ಹೆಸರು ಹಿಡಿದು ಕೂಗದ ಆ ಅಂಚಿನಲ್ಲಿ ಅವಳಿಗೆ ಹಾಡಿಕೊಳ್ಳುವಷ್ಟು ಖುಷಿಯಾಗಿತ್ತು.

ಒಮ್ಮೆ ಚೆಂಡು ಹೊರಗೆ ಹೋಗಿ ಅಜ್ಜಿಯ ಕಾರಿನ ಚಕ್ರಕ್ಕೆ ತಾಗಿ ನಿಂತಿತು. ಎಸೆಯಲು ಸುನ್ವಾ ಬಗ್ಗಿ ಎತ್ತಿಕೊಳ್ಳುವಾಗ ಗಾಜು ಇಳಿಯಿತು.

"ನಡುವಿನಿಂದ ನಿನ್ನ ಯಾಕೆ ಓಡಿಸಿದ್ರೇ? ಆ ಡೆಮ್ಮುಸ್‌ಗೆ ತಲೆ ಕೆಟ್ಟಿದೆಯಾ? ಬರಲಿ ಮನೆಗೆ!"

"ನಾನೇ ಬಂದೆ ಅಜ್ಜಿ."

"ನೀನೇ?" ಅಜ್ಜಿಯ ಹೆಣಿಗೆ ಕಡ್ಡಿ ನಿಂತಿತು. "ನಮ್ಮ ಮನೆಯವರ ಜಾಗ ಅದು!"

"ನಂಗಿಲ್ಲಿ ಚೆನ್ನಾಗಿದೆ."

ಅಜ್ಜಿ ಅವಳ ಮುಖ ನೋಡಿದಳು. ಬೆವರು, ಕೆಸರು, ಕಿವಿಯವರೆಗೆ ಹರಡಿದ ನಗು. ಈ ನಗುವನ್ನು ಅವಳು ಅಷ್ಟು ದೂರದ ನಡುಮೈದಾನದಲ್ಲಿ ಯಾವತ್ತೂ ಕಂಡಿರಲಿಲ್ಲ.

"ಎಸೀತೀಯೇನಮ್ಮ, ಇಲ್ಲಾ ಒಳಗೆ ಕೂತು ಕಾಫಿ ಕುಡೀತೀಯಾ?" ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಕೇಳಿದ.

"ಅವಸರ ನಿಂಗೇನಯ್ಯಾ? ನಾವು ಮಾತಾಡ್ತಿಲ್ವಾ?" ಅಂದಳು ಅಜ್ಜಿ. ಆಮೇಲೆ ಗಾಜು ಏರಿಸುತ್ತ, "ಎಸಿ, ಎಸಿ. ಆ ಗಿಡ್ಡಿ ಖಾಲಿ ಇದಾಳೆ ನೋಡು," ಅಂದಳು.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು. ಕ್ಲೆತ್ತವೀಕ್‌ನವರು ಒಂದು ಗೋಲು ಮುಂದೆ. ಎಲ್ಲರೂ ಹಿಂದೆ ಸರಿದು ಗೋಲಿನ ಮುಂದೆ ಗೋಡೆ ಕಟ್ಟಿ ನಿಂತಿದ್ದರು. ಬಾರ್ಬಾಳ ಕಾಲಲ್ಲಿ ಚೆಂಡು. ಬಲಗಡೆ ಆಸಾಳ ಮೇಲೆ ಇಬ್ಬರು. ಮುಂದೆ ದಾರಿಯಿಲ್ಲ. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಬಾರ್ಬಾ ಬಾಯಿ ಮುಚ್ಚಿದಳು.

ಸುನ್ವಾ ಹಿಂದಿನಿಂದ ಹೊರಟಾಗಿತ್ತು. ಗೆರೆಯುದ್ದಕ್ಕೂ ಹಾದಿ ಖಾಲಿ ಬಿದ್ದಿತ್ತು. ಅದು ಬಾರ್ಬಾಗೆ ಕಾಣುತ್ತಿಲ್ಲ ಅನ್ನುವುದೂ ಅವಳಿಗೆ ಕಂಡಿತು. ಹೇಳುವವರು ಬೇರೆ ಯಾರೂ ಇರಲಿಲ್ಲ.

"ಬಾರ್ಬಾ! ನಂಗೆ! ನಂಗೆ ಕೊಡು!"

ಆ ಕೂಗು ಎಷ್ಟು ದೊಡ್ಡದಿತ್ತೆಂದರೆ ಓದ್ವೋರ್ ಅದು ತಾನೇ ಕೂಗಿದ್ದೇನೋ ಅಂದುಕೊಂಡಳಂತೆ. ಬಾರ್ಬಾ ನೋಡಲೂ ಇಲ್ಲ, ದನಿ ಬಂದ ಕಡೆಗೆ ಚೆಂಡು ಉರುಳಿಸಿದಳು. ಸುನ್ವಾ ಅದನ್ನು ಓಟದಲ್ಲೇ ತೆಗೆದುಕೊಂಡಳು, ಎರಡು ಹೆಜ್ಜೆ ಒಯ್ದಳು, ಎಡಗಾಲಲ್ಲಿ ನೆಲ ಸವರಿದ ಹಾಗೆ ಗೋಲಿನ ಮುಂದಕ್ಕೆ ಕಳಿಸಿದಳು. ಗಾಳಿಗೆ ಹಿಡಿಯಲು ಏನೂ ಸಿಗಲಿಲ್ಲ. ಗೋಡೆ ಕಟ್ಟಿದವರ ಕಾಲುಗಳ ಕಾಡಿನೊಳಗಿಂದ ಚೆಂಡು ಆಚೆ ಕಡೆಗೆ ಹೊರಬಂತು. ಅಲ್ಲಿ ಆಸಾ ಇದ್ದಳು.

ಆಮೇಲಿನದು ಹಾರ್ನುಗಳ ಸದ್ದು. ಡೆಮ್ಮುಸ್ ಟೋಪಿಯನ್ನು ಮೇಲಕ್ಕೆ ಎಸೆದ. ಗಾಳಿ ಅದನ್ನು ತೆಗೆದುಕೊಂಡು ಕಡಲಿಗೆ ಹೋಯಿತು. ದೋಣಿಯ ಮುದುಕ ಬೈಯುತ್ತ ಬಲೆ ಎತ್ತಿದ. ಬಾರ್ಬಾ ಓಡಿ ಬಂದು ಸುನ್ವಾಳ ಬೆನ್ನಿಗೆ ನೇತುಬಿದ್ದಳು.

"ಇಷ್ಟು ದೊಡ್ಡ ಗಂಟಲು ಇಟ್ಕೊಂಡು ಬೇಸಿಗೆಯೆಲ್ಲ ನನ್ನ ಕೈಲಿ ಕೂಗಿಸಿದ್ಯಲ್ಲೇ ಕಳ್ಳಿ!"

ಎರಡು, ಎರಡು. ಗೆಲ್ಲಲಿಲ್ಲ. ಸೀಟಿ ಊದಿದ ಮೇಲೆ ಗೆದ್ದವರ ಹಾಗೆ ಕುಣಿದವರನ್ನು ನೋಡಿ ಕ್ಲೆತ್ತವೀಕ್‌ನವರಿಗೆ ತಾವು ಸೋತೆವೋ ಅನ್ನುವ ಅನುಮಾನ ಬಂತು. ಕೆಂಪು ಜಡೆಯವಳು ಬಾರ್ಬಾಳ ಹತ್ತಿರ ಬಂದು ಲೇಸಿನ ವಿಷಯವಾಗಿ ಏನೋ ಅಂದಳು, ಇಬ್ಬರೂ ನಕ್ಕರು.

ಡೆಮ್ಮುಸ್ ಬರಿದಲೆಯಲ್ಲಿ ಸುನ್ವಾಳ ಹತ್ತಿರ ಬಂದ. ಏನು ಕೇಳಬೇಕೋ ಅದನ್ನು ಕೇಳಲು ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ. ಆಕಾಶ ನೋಡಿದ.

"ಮಂಗಳವಾರ ಅಭ್ಯಾಸ ಇದೆ," ಅಂದ ಕೊನೆಗೆ. "ನಾನು ಹೇಳ್ತಿದೀನಿ ಅಷ್ಟೆ. ನಿಂಗೆ ಬೇರೆ ಕೆಲಸ ಇದ್ರೆ..."

"ಮಾವ," ಅಂದಳು ಸುನ್ವಾ, "ಮಂಗಳವಾರ ಎಡಗಾಲಲ್ಲಿ ಚೆಂಡು ಕಳಿಸೋದು ಇನ್ನಷ್ಟು ಹೇಳಿಕೊಡಿ. ಇವತ್ತಿನದು ಹೋಗಿದ್ದು ಅದೃಷ್ಟಕ್ಕೆ."